ಅನಾಥಾಲಯಕ್ಕೆ ಕಡಲಾಚೆಯಿಂದ ಬರುವ ಹಣ

ವಿಶಾಖಪಟ್ಟಣದಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಿಗೆ ಆಗಾಗ ಅನಾಥಾಲಯಗಳ ರಸೀದಿ ಪುಸ್ತಕಗಳು ಬರುತ್ತವೆ. ಹೊರದೇಶಗಳಲ್ಲಿರುವ ನಮ್ಮ ಮಕ್ಕಳೂ ನಂಟರೂ, ಇಲ್ಲಿಯ ಯಾವುದಾದರೂ ಕ್ರೈಸ್ತ ಅನಾಥಾಲಯಕ್ಕೆ ಹಣ ಕಳುಹಿಸಬೇಕೆಂದಿದ್ದೇವೆ, ದಾರಿ ಯಾವುದು ಎಂದು ಕೇಳುವುದುಂಟು. ಕೊಡಬೇಕೆಂಬ ಮನಸ್ಸು ಒಳ್ಳೆಯದು; ತಿಳಿದು ಕೊಡುವುದು ಇನ್ನೂ ಒಳ್ಳೆಯದು. ಇಂತಹ ಸಂಸ್ಥೆಗಳು ಹೇಗೆ ಹುಟ್ಟಿದುವು, ಹಣ ಹೇಗೆ ಬರುತ್ತದೆ, ಕಾನೂನು ಏನನ್ನು ಕೇಳುತ್ತದೆ ಎಂಬುದನ್ನು ವಾಚಕರ ಮುಂದಿಡುತ್ತೇವೆ.

ಈ ಊರಿಗೂ ಕಡಲಾಚೆಯ ಮಿಷನ್‌ಗಳಿಗೂ ಇರುವ ನಂಟು ಹಳೆಯದು. ಇಲ್ಲಿಯ ಬಂದರು ಕಟ್ಟಿ ಮುಗಿದದ್ದು 1933ರಲ್ಲಿ. ಅದಕ್ಕೆ ಬಹಳ ಮೊದಲೇ, 1805ರಲ್ಲಿ, ಲಂಡನ್ ಮಿಷನರಿ ಸೊಸೈಟಿಯವರು ಇಲ್ಲಿಗೆ ಬಂದಿದ್ದರು. 1846ರಲ್ಲಿ ಆಲ್ಪ್ಸ್ ಬೆಟ್ಟಗಳ ಕಡೆಯ ಆನ್ಸಿ ಪಟ್ಟಣದಿಂದ ಕ್ಯಾಥೊಲಿಕ್ ಪಾದ್ರಿಗಳು ಬಂದರು. 1849ರಲ್ಲಿ ಅದೇ ಪಟ್ಟಣದ ಸಂತ ಜೋಸೆಫರ ಸಭೆಯ ಸನ್ಯಾಸಿನಿಯರು ಯಾನಾಮಿನಲ್ಲಿ ಇಳಿದರು. ಇವರ ಖರ್ಚು ನಡೆಯುತ್ತಿದ್ದುದು ಬಹುಮಟ್ಟಿಗೆ ಯೂರೋಪಿನ ಸಾಮಾನ್ಯ ಜನರ ಕಾಸಿನಿಂದ. ಫ್ರಾನ್ಸಿನ ಲಿಯೋಂ ನಗರದಲ್ಲಿ 1822ರಲ್ಲಿ ಹುಟ್ಟಿದ ಸಂಘವೊಂದರ ಸದಸ್ಯರು ವಾರಕ್ಕೊಂದು ಕಿರುನಾಣ್ಯ ಹಾಕುತ್ತಿದ್ದರು. 1843ರಲ್ಲಿ ಫ್ರಾನ್ಸಿನಲ್ಲಿಯೇ ಮಕ್ಕಳ ಸಂಘವೊಂದು ಏರ್ಪಟ್ಟು, ಪರದೇಶದ ಮಕ್ಕಳಿಗಾಗಿ ಅಲ್ಲಿಯ ಮಕ್ಕಳು ತಿಂಗಳಿಗೊಂದು ಕಾಸು ಕೊಡುವ ಪದ್ಧತಿ ಬಂದಿತು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯೇ ಈ ಏರ್ಪಾಟಿನ ತಳಹದಿ.

ಕನ್ನಡ ನಾಡಿನಲ್ಲಿ ಅನಾಥಾಲಯಗಳಿಗೆ ದೊಡ್ಡ ಕಾರಣವಾದುದು 1876–78ರ ಧಾತು-ಈಶ್ವರ ಸಂವತ್ಸರಗಳ ಬರ. ತಂದೆ ತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್‌ನವರು ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಆಶ್ರಯ ಏರ್ಪಡಿಸಿದರು. ಮಂಗಳೂರಿನ ಜೆಪ್ಪುವಿನಲ್ಲಿ ಜೆಸ್ಯುಯಿಟ್ ಪಾದ್ರಿಗಳ ಸಂತ ಜೋಸೆಫ್ ಆಶ್ರಮವು ತನ್ನ ಕಾರ್ಖಾನೆಯಲ್ಲಿ ಮರಗೆಲಸ, ವಿಗ್ರಹ ಕೆತ್ತನೆ ಮೊದಲಾದುವನ್ನು ನಡೆಸಿ ಇಗರ್ಜಿಗಳಿಗೆ ಮಾರಿತು. ಕೈಕೆಲಸದಿಂದ ಮಕ್ಕಳಿಗೆ ಜೀವನೋಪಾಯವೂ ಸಂಸ್ಥೆಗೆ ಸ್ವಲ್ಪ ಆದಾಯವೂ ದೊರೆಯಲೆಂಬುದು ಅಂದಿನ ಯೋಚನೆ.

ಹೊರಗಿನ ಹಣವನ್ನೇ ನೆಚ್ಚಿದರೆ ಏನಾಗಬಹುದೆಂಬುದಕ್ಕೂ ಮಂಗಳೂರೇ ಸಾಕ್ಷಿ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್‌ನವರು ಶಾಲೆ, ಮುದ್ರಣಾಲಯ, 1865ರಲ್ಲಿ ಹೆಂಚಿನ ಕಾರ್ಖಾನೆ, ಎಲ್ಲವನ್ನೂ ಕಟ್ಟಿದರು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಸೆರೆಯಾದರು. ಕಾರ್ಖಾನೆಗಳು ಬೇರೆಯವರ ಕೈಸೇರಿದುವು. ಎಲ್ಲಿಯೋ ದೂರದಲ್ಲಿ ನಡೆದ ಯುದ್ಧ ಇಲ್ಲಿಯ ಸಂಸ್ಥೆಗಳ ಆಸರೆಯನ್ನು ಕಿತ್ತುಕೊಂಡಿತು.

ಎರಡನೆಯ ಮಹಾಯುದ್ಧದ ತರುವಾಯ ಹಣ ಬರುವ ರೀತಿ ಬದಲಾಯಿತು. ಅಮೆರಿಕದಲ್ಲಿ 1950ರಲ್ಲಿ ವರ್ಲ್ಡ್ ವಿಷನ್, 1952ರಲ್ಲಿ ಕಂಪ್ಯಾಷನ್ ಎಂಬ ಸಂಸ್ಥೆಗಳು ಹುಟ್ಟಿದುವು. ಕೊರಿಯ ಯುದ್ಧದಲ್ಲಿ ಅನಾಥರಾದ ಮಕ್ಕಳೇ ಎರಡಕ್ಕೂ ಪ್ರೇರಣೆ. ದಾನಿಗೆ ಒಂದು ಮಗುವಿನ ಭಾವಚಿತ್ರ ಕಳುಹಿಸುವುದು, ಅವನು ತಿಂಗಳು ತಿಂಗಳು ಗೊತ್ತಾದ ಹಣ ಕೊಡುವುದು, ಮಗು ಅವನಿಗೆ ಕಾಗದ ಬರೆಯುವುದು – ಇದೇ ಪ್ರಾಯೋಜಕ ಪದ್ಧತಿ. ದಾನಿಗೆ ತೃಪ್ತಿ, ಸಂಸ್ಥೆಗೆ ನಿಶ್ಚಿತ ವರಮಾನ.

ಆದರೆ ಇದರಲ್ಲಿ ಒಂದು ತೊಡಕಿದೆ, ಅದನ್ನು ಬಿಚ್ಚಿ ಹೇಳಬೇಕು. ತಲೆಯೆಣಿಕೆಯ ಮೇಲೆ ಹಣ ಬಂದರೆ ಅನಾಥಾಲಯದ ಹಾಸಿಗೆ ಖಾಲಿಯಾದಷ್ಟೂ ವರಮಾನಕ್ಕೆ ಕೊರತೆ. ಆಗ ಹಳ್ಳಿಯ ಬಡ ವಿಧವೆಯ ಮಗುವೂ ‘ಅನಾಥ’ನಾಗಿ ಪಟ್ಟಿಗೆ ಸೇರಬಹುದು. ಲೋಕದ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಬಹುಪಾಲಿಗೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಬದುಕಿದ್ದಾರೆ. ಅವರು ಮಗುವನ್ನು ಒಪ್ಪಿಸಿದ್ದು ಪ್ರೀತಿ ಇಲ್ಲದೆ ಅಲ್ಲ. ಊಟ, ಶಾಲೆ, ಬಟ್ಟೆ ಸಿಕ್ಕೀತೆಂಬ ಆಸೆಯಿಂದ. ಬಡತನವೊಂದೇ ಮಗುವನ್ನು ಮನೆಯಿಂದ ಬಿಡಿಸಲು ಕಾರಣವಾಗಬಾರದೆಂದು ವಿಶ್ವಸಂಸ್ಥೆಯ ಮಹಾಸಭೆ 2009ರಲ್ಲಿ ಒಪ್ಪಿದ ಮಾರ್ಗಸೂಚಿ ಹೇಳುತ್ತದೆ. ತಾಯಿಗಿಂತ ಬಂಧುವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದೂ ಅದನ್ನೇ.

ಇನ್ನು ಕಾನೂನಿನ ಮಾತು. ಹೊರದೇಶದ ದೇಣಿಗೆಯನ್ನು ನಿಯಂತ್ರಿಸುವ ಶಾಸನ ಮೊದಲು 1976ರಲ್ಲಿ ಬಂದಿತು. ಈಗಿರುವುದು 2010ರ ಶಾಸನ. ಸಂಸ್ಥೆಯು ಕೇಂದ್ರದ ಗೃಹ ಮಂತ್ರಾಲಯದಲ್ಲಿ ನೋಂದಣಿ ಪಡೆದಿರಬೇಕು, ಇಲ್ಲವೇ ಮುಂಚಿತವಾಗಿ ಅನುಮತಿ ಪಡೆದಿರಬೇಕು. ನೋಂದಣಿಯ ಅವಧಿ 5 ವರ್ಷ. 2020ರ ತಿದ್ದುಪಡಿಯಿಂದ ನಿಯಮ ಬಿಗಿಯಾಯಿತು. ಹೊರಗಿನ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೇ ಬರಬೇಕು. ಕಛೇರಿಯ ವೆಚ್ಚ 100ಕ್ಕೆ 20ನ್ನು ಮೀರಬಾರದು. ಪಡೆದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಗಾಡಿನ ಚಿಕ್ಕ ಸಂಸ್ಥೆಗಳಿಗೆ ಈ ಕೊನೆಯ ನಿಯಮದಿಂದ ಆ ದಾರಿ ಮುಚ್ಚಿತು.

ಅನುಮತಿ ನಿಂತರೆ ಮಕ್ಕಳ ಗತಿ ಏನೆಂಬುದೂ ಯೋಚಿಸತಕ್ಕ ವಿಷಯ. ಕಂಪ್ಯಾಷನ್ ಸಂಸ್ಥೆ 2017ರ ಮಾರ್ಚಿಯಲ್ಲಿ ಭಾರತದ ಕೆಲಸ ನಿಲ್ಲಿಸಿದಾಗ ಸುಮಾರು 1,45,000 ಮಕ್ಕಳಿಗೆ ಅದರ ನೆರವು ತಪ್ಪಿತು. ವರ್ಲ್ಡ್ ವಿಷನ್‌ನ ಭಾರತದ ಶಾಖೆಯ ನೋಂದಣಿ 2024ರಲ್ಲಿ ರದ್ದಾಯಿತು. ಸರ್ಕಾರದ ಕ್ರಮದ ಸರಿ ತಪ್ಪುಗಳ ಚರ್ಚೆ ಇಲ್ಲಿ ಬೇಡ. ಒಂದೇ ಕೈಯ ಹಣವನ್ನು ನೆಚ್ಚಿದ ಮನೆ ಒಂದೇ ಕಂಬದ ಮೇಲೆ ನಿಂತ ಚಪ್ಪರದಂತೆ ಎಂಬುದಷ್ಟೇ ನಮ್ಮ ಮಾತು.

ಹೊರದೇಶದಲ್ಲಿರುವ ನಂಟರು ಗಮನಿಸತಕ್ಕ ಒಂದು ಅಂಶವಿದೆ. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕನ್ನಡಿಗರೇ ಆಗಿದ್ದರೂ ಅವರ ಹಣ ವಿದೇಶಿ ದೇಣಿಗೆಯೇ. ಅದನ್ನು ನೋಂದಣಿಯುಳ್ಳ ಸಂಸ್ಥೆ ಮಾತ್ರ ಪಡೆಯಬಹುದು.

ಮಕ್ಕಳನ್ನು ಇಟ್ಟುಕೊಳ್ಳುವುದಕ್ಕೆ ಬೇರೆಯೇ ಕಾನೂನು: 2015ರ ಬಾಲನ್ಯಾಯ ಶಾಸನ. ಯಾವ ಮತದವರು ನಡೆಸಿದರೂ, ಯಾರ ಹಣದಿಂದ ನಡೆದರೂ, ಅನಾಥಾಲಯ ನೋಂದಣಿಯಾಗಿರಲೇಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಿಕ್ಕಿಲ್ಲದ ಮಗು ಸಿಕ್ಕಿದರೆ ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಮಗು ಎಲ್ಲಿರಬೇಕೆಂಬುದನ್ನು ತೀರ್ಮಾನಿಸುವುದು ಆ ಸಮಿತಿ; ಪಾದ್ರಿಯೂ ಅಲ್ಲ, ಮಠವೂ ಅಲ್ಲ, ದಾನಿಯೂ ಅಲ್ಲ. ಅನಾಥಾಲಯವೆಂಬುದು ಕಟ್ಟಕಡೆಯ ಉಪಾಯವೆಂದೇ ಶಾಸನ ಹೇಳುತ್ತದೆ.

ಕೆಲಸ ಹೇಗೆ ನಡೆಯಬಹುದೆಂಬುದಕ್ಕೆ ವಿಜಯವಾಡದಲ್ಲಿ ಒಂದು ನಿದರ್ಶನವಿದೆ. ನಾಲ್ಕು ದಿಕ್ಕಿನ ರೈಲುಗಳು ಕೂಡುವ ಆ ಜಂಕ್ಷನ್ನಿಗೆ ಮನೆಬಿಟ್ಟ ಮಕ್ಕಳು ಬಂದಿಳಿಯುವುದು ಹೆಚ್ಚು. ಡಾನ್ ಬಾಸ್ಕೊ ಸಭೆಯವರು 1989ರಲ್ಲಿ ಅಲ್ಲಿ ನವಜೀವನ ಬಾಲಭವನವನ್ನು ಆರಂಭಿಸಿದರು. ರೈಲ್ವೆ ನಿಲ್ದಾಣದಲ್ಲಿಯೇ ಮಕ್ಕಳನ್ನು ಮಾತನಾಡಿಸುವುದು, ಮನೆ ಪತ್ತೆಯಾದವರನ್ನು ತಿರುಗಿ ಮನೆ ಸೇರಿಸುವುದು, ಹೋಗಲು ಮನೆಯಿಲ್ಲದವರಿಗೆ ವಸತಿ, ಓದು, ಕೈಕೆಲಸ ಒದಗಿಸುವುದು ಅಲ್ಲಿಯ ಕ್ರಮ. ಮಗು ಮನೆ ಸೇರಿತೆಂದರೆ ಅಲ್ಲಿ ಅದು ನಷ್ಟವಲ್ಲ, ಲಾಭ.

ಹಾಗಾದರೆ ಹಣ ಕೊಡುವ ಮೊದಲು ಏನು ಕೇಳಬೇಕು? ಬಾಲನ್ಯಾಯ ಶಾಸನದ ನೋಂದಣಿ ಪತ್ರವನ್ನು ನೋಡಬೇಕು. ಹೊರಗಿನ ಹಣ ಬರುತ್ತಿದ್ದರೆ ಅದರ ನೋಂದಣಿಯನ್ನೂ, ಲೆಕ್ಕ ಪರಿಶೋಧಕರು ಸಹಿ ಮಾಡಿದ ವರ್ಷದ ಲೆಕ್ಕವನ್ನೂ ಕೇಳಬೇಕು. ಎಷ್ಟು ಮಕ್ಕಳು ಸಮಿತಿಯ ಆಜ್ಞೆಯ ಮೇಲೆ ಬಂದಿದ್ದಾರೆ, ಕಳೆದ ವರ್ಷ ಎಷ್ಟು ಮಂದಿ ಮನೆ ಸೇರಿದರು, 18 ತುಂಬಿ ಹೊರಟವರು ಈಗ ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಬೇಕು. ಒಳ್ಳೆಯ ಸಂಸ್ಥೆಯವರು ಇಂತಹ ಪ್ರಶ್ನೆಗೆ ಬೇಸರಪಡುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಾನಿಗಳಿಗೆ ಹಾಡು ಹೇಳಿಸುವುದನ್ನಾಗಲಿ, ಅವರ ಚಿತ್ರ ತೆಗೆದು ಹಂಚುವುದನ್ನಾಗಲಿ ನಾವು ಕೇಳಬಾರದು. ಕೊಡುವವನ ಸಂತೋಷಕ್ಕಿಂತ ಮಗುವಿನ ಮಾನ ದೊಡ್ಡದು.

ಮತ್ತೊಂದು ಮಾತು. ಮಗುವನ್ನು ಮನೆಯಲ್ಲಿಯೇ ಉಳಿಸಿಕೊಳ್ಳಲೆಂದು ವಿಧವೆಯರೇ ಮೊದಲಾದ ಬಡ ಕುಟುಂಬಗಳಿಗೆ ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಸಹಾಯವುಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ಆಪತ್ತಿನಲ್ಲಿರುವ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ದೂರವಾಣಿ ಮಾಡಬಹುದು. ನಮ್ಮ ಮನೆಗೆಲಸಕ್ಕೆ ಬರುವ ತಾಯಿಯೊಬ್ಬಳು ಮಗುವನ್ನು ಅನಾಥಾಲಯಕ್ಕೆ ಬಿಡುವ ಯೋಚನೆಯಲ್ಲಿದ್ದರೆ, ರಸೀದಿ ಪುಸ್ತಕಕ್ಕೆ ನೂರು ರೂಪಾಯಿ ಬರೆಯುವುದಕ್ಕಿಂತ, ಅವಳಿಗೆ ಈ ಅರ್ಜಿಯನ್ನು ತುಂಬಿಕೊಡುವುದು ಹೆಚ್ಚಿನ ದಾನವಾದೀತು.