ಬೀದರ ಸೀಮೆಯ ಆಡುನುಡಿಯಲ್ಲಿ ‘ಏಕದಮ್’ ಮತ್ತು ‘ಸೀದಾ’

ಇಂಗ್ಲಿಷಿನ ‘ಆಫ್‌ಹ್ಯಾಂಡ್’ ಎಂಬ ವಿಶೇಷಣಕ್ಕೆ ಕನ್ನಡದಲ್ಲಿ ಒಂದೇ ಪದವನ್ನು ಹುಡುಕುವುದು ಕಷ್ಟ. ಪೂರ್ವಸಿದ್ಧತೆಯಿಲ್ಲದ, ಬಿರುಸಾದ, ಉಪಚಾರವಿಲ್ಲದ ಎಂಬ ಮೂರು ಅರ್ಥಗಳು ಅಲ್ಲಿ ಒಂದಾಗಿವೆ. ಮೊದಲನೆಯದು ಕಾಲಕ್ಕೆ, ಎರಡನೆಯದು ಮಾತಿನ ರೀತಿಗೆ, ಮೂರನೆಯದು ಆಡುವವರ ನಡುವಣ ಸಂಬಂಧಕ್ಕೆ ಸೇರಿದ್ದು. ಈ ಮೂರನ್ನೂ ಕನ್ನಡ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ಬೀದರ, ಭಾಲ್ಕಿ, ಔರಾದ ಪರಿಸರದ ಆಡುನುಡಿಯನ್ನು ಗಮನಿಸಿದಾಗ ಈ ಭೇದ ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಭಾಗದವರ ಮಾತು ‘ಒರಟು’ ಎಂಬ ಅಭಿಪ್ರಾಯ ಬಹುಮಟ್ಟಿಗೆ ಈ ಭೇದವನ್ನು ಗುರುತಿಸದಿರುವುದರಿಂದ ಹುಟ್ಟಿದ್ದೆಂದು ತೋರುತ್ತದೆ.

ಕಾಲವಾಚಿ ಪದಗಳಲ್ಲಿ ಗ್ರಂಥಸ್ಥ ಕನ್ನಡಕ್ಕೆ ಪರಿಚಿತವಾದುದು ‘ಹಠಾತ್’. ಸಂಸ್ಕೃತದಲ್ಲಿ ಇದು ‘ಹಠ’ ಶಬ್ದದ ಪಂಚಮೀ ರೂಪ. ‘ಬಲಾತ್ಕಾರದಿಂದ’ ಎಂಬುದು ಮೂಲಾರ್ಥ. ಕನ್ನಡವು ಅದನ್ನು ‘ಹಠಾತ್ ಭೇಟಿ’ ಎಂಬಲ್ಲಿ ವಿಶೇಷಣವಾಗಿಯೂ, ‘ಥಟ್ಟನೆ’, ‘ಫಕ್ಕನೆ’ಗಳಂತೆ ‘ಹಠಾತ್ತನೆ’ ಎಂದು ಅವ್ಯಯವಾಗಿಯೂ ಮಾಡಿಕೊಂಡಿತು. ಬೀದರ ಸೀಮೆಯ ಜನರ ಬಾಯಲ್ಲಿ ಈ ಸ್ಥಾನವನ್ನು ‘ಅಚಾನಕ್’, ‘ಏಕಾಏಕಿ’, ‘ಏಕದಮ್’ಗಳು ಹಂಚಿಕೊಂಡಿವೆ. ‘ಏಕದಮ್’ ಪಾರಸಿಯಿಂದ ಬಂದುದು. ‘ಒಂದು ಉಸಿರು’ ಎಂದು ಅದರ ಅರ್ಥ. ‘ಏಕದಮ್ ಬಂದ’ ಎಂದಾಗ ಕಾಲವನ್ನು ಸೂಚಿಸುವ ಈ ಪದ, ‘ಏಕದಮ್ ಛಲೋ ಅದ’ ಎಂದಾಗ ಪ್ರಮಾಣವನ್ನು ಸೂಚಿಸುತ್ತದೆ. ‘ಹಠಾತ್’ಗೆ ಈ ಎರಡನೆಯ ಶಕ್ತಿಯಿಲ್ಲ. ಆದ್ದರಿಂದ ಇವೆರಡನ್ನೂ ಸಮಾನಪದಗಳೆಂದು ಕರೆಯುವುದು ಅರ್ಧ ಮಾತ್ರ ಸರಿ. (ಪತ್ರಿಕೆಗಳ ‘ದಿಢೀರ್’ ಪ್ರತಿಭಟನೆಯಿಂದ ಅಡುಗೆಮನೆಯ ‘ದಿಢೀರ್’ ದೋಸೆಯವರೆಗೆ ಹಬ್ಬಿದೆ, ಅದರ ಕಥೆಯೇ ಬೇರೆ.)

ಈ ಪದಸಂಪತ್ತಿನ ಹಿನ್ನೆಲೆ ಸುಪರಿಚಿತ. ಬಹಮನಿ ಮತ್ತು ಬರೀದಶಾಹಿ ಅರಸರ ರಾಜಧಾನಿಯಾಗಿದ್ದ ಬೀದರ, ಮುಂದೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಾರಸಿ, ಅನಂತರ ಉರ್ದು ಆಡಳಿತ ಭಾಷೆಗಳಾಗಿದ್ದವು. ದಖ್ಖನಿ ಪೇಟೆಯ ನುಡಿಯಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಭಾಲ್ಕಿ, ಔರಾದ ತಾಲೂಕುಗಳಲ್ಲಿ ಕನ್ನಡ-ಮರಾಠಿ ದ್ವಿಭಾಷಿಕತೆ ಮುಂದುವರಿಯಿತು.

ರೀತಿವಾಚಿ ಪದಗಳಲ್ಲಿ ‘ಸೀದಾ’ ವಿಶೇಷ ಗಮನಕ್ಕೆ ಅರ್ಹ. ‘ಸೀದಾ ಹೋಗ್ರಿ’ ಎಂದರೆ ನೇರವಾದ ದಾರಿ. ‘ಸೀದಾ ಮನಷ್ಯಾ’ ಎಂದರೆ ಕಪಟವಿಲ್ಲದವನು. ‘ಸೀದಾ ಹೇಳಿಬಿಟ್ಟ’ ಎಂದರೆ ಮುಚ್ಚುಮರೆಯಿಲ್ಲದೆ ನುಡಿದ. ಮೂರನೆಯ ಪ್ರಯೋಗದಲ್ಲಿ ಬಿರುಸು ಇದೆ, ಆದರೆ ನಿಂದೆಯಿಲ್ಲ. ಮೊದಲೆರಡು ಅರ್ಥಗಳ ಮೆಚ್ಚುಗೆ ಅದಕ್ಕೂ ಅಂಟಿಕೊಂಡಿದೆ. ಹೇಳಿಕೆಯೊಂದನ್ನು ಗ್ರಂಥಸ್ಥ ಕನ್ನಡಕ್ಕೆ ತರುವ ಗುಮಾಸ್ತನು ಇದನ್ನು ‘ಒರಟಾಗಿ ಹೇಳಿದನು’ ಎಂದು ಬರೆದರೆ, ಸಾಕ್ಷಿಯು ಹೊಗಳಿದವನೇ ದಾಖಲೆಯಲ್ಲಿ ದೂಷಿತನಾಗುತ್ತಾನೆ. ಇಲ್ಲಿ ಪರ್ಯಾಯ ಪದದ ಆಯ್ಕೆ ಕೇವಲ ಶೈಲಿಯ ಪ್ರಶ್ನೆಯಲ್ಲ.

ನಿಂದೆಯ ಅರ್ಥಕ್ಕೆ ಕನ್ನಡ ಬೇರೆಯೇ ನುಡಿಗಟ್ಟನ್ನು ಇಟ್ಟಿದೆ. ‘ಕಡ್ಡಿ ಮುರಿದಂತೆ’ ಹೇಳುವುದು ಖಚಿತತೆ. ‘ಮುಖ ಮುರಿಯುವಂತೆ’ ಹೇಳುವುದು ಅವಮಾನ. ಕ್ರಿಯಾಪದ ಒಂದೇ, ಮುರಿಯುವ ವಸ್ತು ಬೇರೆ. ನೆರೆಯ ಮರಾಠಿಯೂ ‘ರೋಖಠೋಕ್’ ಮತ್ತು ‘ತುಟಕ್’ಗಳ ನಡುವೆ ಹೆಚ್ಚುಕಡಮೆ ಇದೇ ಗೆರೆಯನ್ನು ಎಳೆಯುತ್ತದೆ: ಮೊದಲನೆಯದು ನೇರ, ಎರಡನೆಯದು ತಣ್ಣಗಿನ ಅಸಡ್ಡೆ.

ಇನ್ನು ‘ಅನೌಪಚಾರಿಕ’ ಎಂಬ ಪದ. ಇದು ಸಭೆ, ಶಿಕ್ಷಣಗಳ ಪರಿಭಾಷೆ. ಮನೆಯಲ್ಲಿ ಯಾರೂ ಬಳಸುವುದಿಲ್ಲ. ಉರ್ದುವಿನ ‘ತಕಲ್ಲುಫ್’ (ಉಪಚಾರ, ಸಂಕೋಚ) ಮತ್ತು ಉತ್ತರ ಕರ್ನಾಟಕದ ಕನ್ನಡಕ್ಕೂ ಬಂದಿರುವ ‘ತಕಲೀಫು’ (ತೊಂದರೆ) ಒಂದೇ ಅರಬ್ಬೀ ಧಾತುವಿನಿಂದ ಹುಟ್ಟಿದವು. ಉಪಚಾರವೆಂದರೆ ಪಡುವ ಶ್ರಮ. ‘ತಕಲೀಫ್ ತಗೋಬ್ಯಾಡ್ರಿ’ ಎನ್ನುವ ಅತಿಥಿ ಆ ಶ್ರಮದಿಂದ ಆತಿಥೇಯರನ್ನು ಬಿಡುಗಡೆ ಮಾಡುತ್ತಾನೆ. ಕನ್ನಡದ ‘ಬಾಯುಪಚಾರ’ವೂ ಉಪಚಾರದ ಬಗೆಗೆ ಇಂಥದೇ ಸಂದೇಹವನ್ನು ಹೊತ್ತಿದೆ. ಹೀಗಾಗಿ ಉಪಚಾರವಿಲ್ಲದಿರುವುದು ಇಲ್ಲಿ ಕೊರತೆಯೆನಿಸದೆ ಸಲಿಗೆಯ ಗುರುತಾಗುತ್ತದೆ. ‘ಯವ್ವಾ, ನೀ ಉಣ್ಣು’ ಎಂಬ ಏಕವಚನದಲ್ಲಿ ಅಗೌರವವನ್ನು ಕಾಣುವವರು ಈ ಸಂಬಂಧವನ್ನು ಅರಿಯದವರು.

ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಪ್ರಧಾನವಾಗಿ ಶಾಸನ ಮತ್ತು ಗ್ರಂಥಪ್ರಯೋಗಗಳನ್ನು ಆಧರಿಸಿದೆ. ಯು. ಪಿ. ಉಪಾಧ್ಯಾಯರ ಉಪಭಾಷಾ ತೌಲನಿಕ ಅಧ್ಯಯನ (1976) ಬಳ್ಳಾರಿ, ಗುಲ್ಬರ್ಗಾ, ಕುಮಟಾ, ನಂಜನಗೂಡುಗಳನ್ನು ಆಯ್ದುಕೊಂಡಿತು. ಬೀದರ ಸೀಮೆಯ ಅರ್ಥಛಾಯೆಗಳನ್ನು ಸಂಗ್ರಹಿಸುವವರು ಪದದ ಜೊತೆಗೆ ಅದನ್ನು ಯಾರು ಯಾರಿಗೆ ಆಡಿದರೆಂಬುದನ್ನೂ ದಾಖಲಿಸಬೇಕಾಗುತ್ತದೆ. ‘ಬ್ಯಾಡ’ ಎಂಬ ಒಂದೇ ಪದದ ನಿರಾಕರಣೆ ಗೆಳೆಯನಿಗೆ ಸಲಿಗೆ, ಅಪರಿಚಿತನಿಗೆ ಬಿರುಸು; ‘ರಿ’ ಸೇರಿ ‘ಬ್ಯಾಡ್ರಿ’ ಆದರೆ, ಮಾತು ಅಷ್ಟೇ ತುಂಡಾಗಿದ್ದರೂ, ಮರ್ಯಾದೆಯ ಉತ್ತರ.