ಕರುಣೆಯ ಬಾಗಿಲು

ಮಕ್ಕಳೇ, ಹೈದರಾಲಿ ಹುಟ್ಟಿದ್ದು ನಮ್ಮ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಅವನ ತಂದೆಯ ಸಮಾಧಿ ಕೋಲಾರ ಪಟ್ಟಣದಲ್ಲೇ ಇದೆ. ಇಷ್ಟು ನಿಮ್ಮ ಅಜ್ಜ ಅಜ್ಜಿಯರಿಗೂ ಗೊತ್ತು. ಆದರೆ ಆ ಮನೆತನದ ಒಬ್ಬ ತಾಯಿಯ ಕರುಣೆಯಿಂದ ದೂರದ ಮುಂಬೈಯಲ್ಲಿ ಒಂದು ಪ್ರಾರ್ಥನಾ ಮಂದಿರ ಎದ್ದ ಕಥೆ ಕೇಳಿದ್ದೀರಾ?

ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿ ಜನರಿದ್ದರು. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎನ್ನುತ್ತಿದ್ದರು. ವಾರದ ಏಳನೆಯ ದಿನ ದುಡಿಯಬಾರದು ಎಂಬುದು ಅವರ ಧರ್ಮದ ಕಟ್ಟಳೆ. ಇಂಥ ಕಟ್ಟಳೆಗೆ ಹೀಬ್ರೂ ಭಾಷೆಯಲ್ಲಿ ‘ಮಿತ್ಸ್ವಾ’ ಎಂದು ಹೆಸರು. ಯಹೂದಿಯರ ಲೆಕ್ಕದಲ್ಲಿ ಒಟ್ಟು 613 ಮಿತ್ಸ್ವಾಗಳು.

ಮಿತ್ಸ್ವಾ ಎಂದರೆ ಆಜ್ಞೆ. ಆದರೆ ಮಾತಿನ ಬಳಕೆಯಲ್ಲಿ ಒಳ್ಳೆಯ ಕೆಲಸಕ್ಕೂ ಅದೇ ಪದ. ಆಜ್ಞೆಯೂ ಉಪಕಾರವೂ ಒಂದೇ ಹೇಗಾದವು? ಮನಸ್ಸು ಕರಗಿದಾಗ ಮಾತ್ರ ಕೊಡುವುದಾದರೆ, ಕರಗದ ದಿನ ಹಸಿದವನ ಗತಿ ಏನು? ಆದ್ದರಿಂದ ಕೊಡುವುದು ಇಷ್ಟದ ಮಾತಲ್ಲ, ಕರ್ತವ್ಯ. ಹೊಲ ಕುಯ್ಯುವಾಗ ಒಂದು ಮೂಲೆಯ ಪೈರನ್ನು ಬಡವರಿಗೆ ಬಿಡಬೇಕು ಎಂಬುದೂ ಒಂದು ಮಿತ್ಸ್ವಾ. ದಾನಕ್ಕೆ ಅವರು ಹೇಳುವ ‘ತ್ಸೆದಾಕಾ’ ಎಂಬ ಪದ ಹುಟ್ಟಿದ್ದು ‘ನ್ಯಾಯ’ ಎಂಬ ಅರ್ಥದಿಂದ. ಸೆರೆಯಲ್ಲಿರುವವರನ್ನು ಬಿಡಿಸುವುದಂತೂ ಬಹು ದೊಡ್ಡ ಮಿತ್ಸ್ವಾ.

ಈಗ ಕಥೆಗೆ ಬರೋಣ. ಸಾಮಾಜಿ ಹಸಾಜಿ ದಿವೇಕರ್ ಎಂಬ ಬೆನೆ ಇಸ್ರೇಲಿ ಇಂಗ್ಲಿಷರ ಸೈನ್ಯದಲ್ಲಿದ್ದ. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಜೀವಂತ ಮರಳಿದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆಂದು ಹರಕೆ ಹೊತ್ತ. ಅವನ ಜನ ಹೇಳಿಕೊಂಡು ಬಂದ ಕಥೆಯಂತೆ, ಟಿಪ್ಪುವಿನ ತಾಯಿ ಸೆರೆಯಾಳು ಯಾರೆಂದು ವಿಚಾರಿಸಿದರು. ಇಸ್ರೇಲಿನ ಮಕ್ಕಳ ಹೆಸರನ್ನು ಅವರು ಕುರಾನಿನಿಂದ ಬಲ್ಲವರು. ಅವನ ಜೀವ ಉಳಿಸು ಎಂದು ಮಗನನ್ನು ಬೇಡಿಕೊಂಡರು.

ದಿವೇಕರ್ ಬದುಕಿ ಊರು ಸೇರಿದ. ಹರಕೆ ಮರೆಯಲಿಲ್ಲ. 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ. ಮುಂದೆ ಅದಕ್ಕೆ ‘ಶಾರ್ ಹರಹಮೀಮ್’ ಎಂಬ ಹೆಸರಾಯಿತು. ಅಂದರೆ ಕರುಣೆಯ ಬಾಗಿಲು.

ಆ ತಾಯಿ ಮುಸ್ಲಿಂ. 613 ಕಟ್ಟಳೆಗಳ ಪಟ್ಟಿ ಅವರು ಓದಿರಲಿಕ್ಕಿಲ್ಲ. ಆದರೂ ಆ ಪಟ್ಟಿಯ ಬಹು ದೊಡ್ಡ ಕೆಲಸವನ್ನೇ ಮಾಡಿದರು, ಅದೂ ಶತ್ರುವಿನ ಕಡೆಯವನಿಗಾಗಿ.

ಬೇಸಿಗೆ ಬಂದರೆ ನಮ್ಮ ಬಯಲು ಸೀಮೆಯ ಅರವಟ್ಟಿಗೆಯಲ್ಲೂ ನೀರು ಕೊಡುವವರು ನೀನು ಯಾರ ಪೈಕಿ ಎಂದು ಕೇಳುವುದಿಲ್ಲ. ಬಾಯಾರಿ ಬಂದವನಿಗೆ ನೀರು ಕೊಡಬೇಕು, ಅಷ್ಟೆ. ನಿಮ್ಮ ಊರಿನಲ್ಲಿ ಅರವಟ್ಟಿಗೆ ಎಲ್ಲಿತ್ತು, ಯಾರು ಇಡಿಸುತ್ತಿದ್ದರು ಎಂದು ಇವತ್ತು ಅಜ್ಜಿಯನ್ನು ಕೇಳಿ ನೋಡಿ.