ಮಣಿಕೊಂಡದ ಗೋಪುರ, ಎಲ್ಲೂರಿನ ಚಿಮಣಿ

ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿ, ಹೆಬ್ಬಂಡೆಗಳ ನಡುವೆ ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಬಹುಮಹಡಿಯ ಮನೆಗಳ ಒತ್ತಿನಲ್ಲಿ ಆ ಬಂಡೆಗಳೇ ಕಾಣದಂತಾಗಿರುವ ಮಣಿಕೊಂಡದಲ್ಲಿ, ಕಲಬುರಗಿ ಸೀಮೆಯ ಮಿತ್ರರೊಬ್ಬರ ಮನೆಗೆ ಹೋಗಿದ್ದ ಸಂಜೆ ದೀಪಗಳೆಲ್ಲ ಒಮ್ಮೆಲೇ ಆರಿಹೋದವು. ಲಿಫ್ಟು ಎರಡು ಅಂತಸ್ತುಗಳ ನಡುವೆ ನಿಂತಿತು. ಕಾವಲುಗಾರನು ಕೆಳಗಿನಿಂದ "ಕರೆಂಟು ಪೋಯಿಂದಿ" ಎಂದು ಕೂಗಿದನು. ಅರೆನಿಮಿಷದಲ್ಲಿ ನೆಲಮಾಳಿಗೆಯ ಜನರೇಟರು ಗುಡುಗಿತು. ಮಿತ್ರರ ತಾಯಿ ಬಾಲ್ಕನಿಯಲ್ಲಿ ನಿಂತು, "ನಮ್ಮೂರಾಗ ಕರೆಂಟ್ ಹೋದ್ರ ಕಂಬದ ಕಡೆ ನೋಡ್ತೀವಿ, ಇಲ್ಲಿ ಯಾರ ಕಡೆ ನೋಡ್ಬೇಕಪ್ಪಾ?" ಎಂದರು. ಆಕೆಯ ಎದುರಿಗೆ, ಮಬ್ಬುಗತ್ತಲಲ್ಲಿ, ಲ್ಯಾಂಕೋ ಹಿಲ್ಸಿನ ಗೋಪುರಗಳು ನಿಂತಿದ್ದವು. ಪ್ರಶ್ನೆಯನ್ನು ಕೇಳುವುದಕ್ಕೆ ಅದಕ್ಕಿಂತ ತಕ್ಕ ಸ್ಥಳವು ದೊರೆಯುತ್ತಿರಲಿಲ್ಲ. ಏಕೆಂದರೆ ಆ ಗೋಪುರಗಳನ್ನು ಎಬ್ಬಿಸಿದ ಲ್ಯಾಂಕೋ ಸಂಸ್ಥೆಯ ಮುಖ್ಯ ಕಸುಬು ಕಟ್ಟಡವಲ್ಲ, ವಿದ್ಯುತ್ತು.

ಸ್ವಾತಂತ್ರ್ಯಾನಂತರ 1948ರ ಶಾಸನದಂತೆ ವಿದ್ಯುತ್ತು ಬಹುಮಟ್ಟಿಗೆ ರಾಜ್ಯಗಳ ವಿದ್ಯುಚ್ಛಕ್ತಿ ಮಂಡಳಿಗಳ ಸೊತ್ತಾಗಿದ್ದಿತು. 1991ರಲ್ಲಿ, ವಿದೇಶೀ ವಿನಿಮಯದ ಬೊಕ್ಕಸವು ಬರಿದಾಗಿ, ಮಂಡಳಿಗಳು ನಷ್ಟದಲ್ಲಿ ಮುಳುಗಿ, ಹೊಸ ಸ್ಥಾವರಗಳಿಗೆ ಹಣವಿಲ್ಲದಂತಾದಾಗ, ಕೇಂದ್ರ ಸರ್ಕಾರವು ಆ ಶಾಸನವನ್ನು ತಿದ್ದಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಹೀಗೆ ಬಂದವರೇ ಸ್ವತಂತ್ರ ವಿದ್ಯುತ್ ಉತ್ಪಾದಕರು: ಸ್ಥಾವರವನ್ನು ತಮ್ಮ ಬಂಡವಾಳದಿಂದ, ಅಥವಾ ಬಹುಪಾಲು ಬ್ಯಾಂಕುಗಳ ಸಾಲದಿಂದ, ಕಟ್ಟಿ ಕರೆಂಟನ್ನು ಸರ್ಕಾರಕ್ಕೆ ಮಾರತಕ್ಕವರು. ಅವರನ್ನು ಆಕರ್ಷಿಸಲು ಬಂಡವಾಳದ ಮೇಲೆ ನೂರಕ್ಕೆ 16ರಷ್ಟು ಲಾಭದ ಭರವಸೆಯಿತ್ತು. ಶೀಘ್ರಗತಿಯವೆಂದು ಆಯ್ದ ಎಂಟು ಯೋಜನೆಗಳಿಗೆ ಕೇಂದ್ರವೇ ಪ್ರತಿಜಾಮೀನು ನಿಲ್ಲುವುದಾಗಿ ಒಪ್ಪಿತು. ಆ ಎಂಟರಲ್ಲಿ ಮೂರು ಅಂದಿನ ಆಂಧ್ರಪ್ರದೇಶದವು, ಒಂದು ಮಂಗಳೂರಿನದು. ಎನ್ರಾನ್ ಸಂಸ್ಥೆಯ ಕುಪ್ರಸಿದ್ಧ ದಾಭೋಳ ಸ್ಥಾವರವೂ ಅವುಗಳಲ್ಲೊಂದು.

ಸರ್ಕಾರವು ಇವರಿಂದ ಕೊಳ್ಳುವುದು ಏನು? ಕರೆಂಟು ಎಂದು ತಟ್ಟನೆ ಉತ್ತರಿಸಬಹುದು, ಅದು ಅರ್ಧಸತ್ಯ. ಕಲ್ಯಾಣಮಂಟಪವನ್ನು ಗೊತ್ತುಮಾಡಿದವನು ಮದುವೆ ನಿಂತುಹೋದರೂ ಮಂಟಪದ ಬಾಡಿಗೆಯನ್ನು ತೆರಲೇಬೇಕು; ಊಟದ ಖರ್ಚಾದರೋ ಎಷ್ಟು ಎಲೆ ಬಿದ್ದವೆಂಬ ಲೆಕ್ಕದ ಮೇಲೆ ಬರುತ್ತದೆ. ಪಿಪಿಎ ಎಂದು ಇಲಾಖೆಯವರ ಬಾಯಲ್ಲಿ ಸದಾ ಆಡುವ ವಿದ್ಯುತ್ ಖರೀದಿ ಒಪ್ಪಂದವೂ ಉಷ್ಣಸ್ಥಾವರಗಳ ಮಟ್ಟಿಗೆ ಹೀಗೆಯೇ. ಸ್ಥಾವರವು ಸಿದ್ಧವಾಗಿ ನಿಂತಿರುವುದಕ್ಕೆ ಸ್ಥಿರ ಶುಲ್ಕ, ಸುಟ್ಟ ಇಂಧನಕ್ಕೆ ಬೇರೊಂದು ಶುಲ್ಕ. ಮಳೆ ಚೆನ್ನಾಗಿ ಬಿದ್ದು ಶರಾವತಿಯ ಅಗ್ಗದ ಕರೆಂಟು ಸಾಕಾದ ವರ್ಷದಲ್ಲಿ ಕಲ್ಲಿದ್ದಲು ಸ್ಥಾವರವನ್ನು ಸುಮ್ಮನೆ ಕೂರಿಸಿದರೂ ಬಾಡಿಗೆ ತಪ್ಪದು. ಇದನ್ನು ಮೋಸವೆನ್ನಲಾಗದು, ಬಾಡಿಗೆ ಸಿಗದೆ ಯಾರು ತಾನೆ ಮಂಟಪ ಕಟ್ಟಿಯಾರು? ಆದರೆ ಎಷ್ಟು ಮಂಟಪಗಳನ್ನು ಎಷ್ಟು ವರ್ಷಕ್ಕೆ ಗೊತ್ತುಮಾಡಿದೆವೆಂಬ ವಿವೇಚನೆ ತಪ್ಪಿದರೆ ಅದರ ಹೊರೆಯು ನಮ್ಮ ಬಿಲ್ಲಿಗೆ ಬಂದು ಕುಳಿತುಕೊಳ್ಳುತ್ತದೆ.

ಲ್ಯಾಂಕೋದ ವಿದ್ಯುತ್ತಿನ ಚರಿತ್ರೆಯು ದಸರೆಯ ಬೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಯಿಂದ ತೊಡಗುತ್ತದೆ. ವಿಜಯವಾಡದ ಸಮೀಪದ ಆ ಊರಿನಲ್ಲಿ ಅನಿಲದಿಂದ ನಡೆಯುವ 368 ಮೆಗಾವಾಟಿನ ಸ್ಥಾವರವು 2000ದಲ್ಲಿ ಕೆಲಸವಾರಂಭಿಸಿತು. ಮುಂದೆ ಕೃಷ್ಣಾ–ಗೋದಾವರಿ ಕಡಲಿನಲ್ಲಿ ಅಪಾರ ಅನಿಲವು ದೊರೆಯುವುದೆಂಬ ವಾರ್ತೆಯನ್ನು ನಂಬಿ ಆ ಕರಾವಳಿಯುದ್ದಕ್ಕೂ ಅನೇಕರು ಸ್ಥಾವರಗಳನ್ನು ಕಟ್ಟಿದರು, ಕೊಂಡಪಲ್ಲಿಯೂ ಬೆಳೆಯಿತು. 2010ರ ತರುವಾಯ ಅಲ್ಲಿನ ಅನಿಲವು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗಲಾಗಿ, ಹೊಸದಾಗಿ ಎದ್ದ ಯಂತ್ರಗಳು ಒಲೆಯಿದ್ದೂ ಸೌದೆಯಿಲ್ಲದ ಮನೆಯಂತೆ ನಿಂತುಬಿಟ್ಟವು. ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ.

ನಮ್ಮ ನಾಡಿಗೂ ಈ ಸಂಸ್ಥೆಗೂ ಇದ್ದ ನಂಟು ಉಡುಪಿ ಜಿಲ್ಲೆಯ ಪಡುಬಿದ್ರಿ ಬಳಿಯ ಎಲ್ಲೂರಿನದು. ಮೊದಲು ಅಮೆರಿಕದ ಕೋಜೆಂಟ್ರಿಕ್ಸ್ ಸಂಸ್ಥೆಯು ಆ ಪ್ರದೇಶದಲ್ಲಿ 1000 ಮೆಗಾವಾಟಿನ ಸ್ಥಾವರವನ್ನು ಕಟ್ಟಹೊರಟು, ಚಳವಳಿ, ಮೊಕದ್ದಮೆ, ವಿಳಂಬಗಳಲ್ಲಿ ಸಿಕ್ಕಿ, 1999ರ ಡಿಸೆಂಬರಿನಲ್ಲಿ ಕೈಬಿಟ್ಟು ಹೋಯಿತು. ಅಲ್ಲಿ ಸ್ಥಾವರ ಕಟ್ಟಹೊರಟಿದ್ದ ಹೈದರಾಬಾದಿನ ನಾಗಾರ್ಜುನ ಸಂಸ್ಥೆಯ ಯೋಜನೆಯು ಮುಂದೆ ಲ್ಯಾಂಕೋಗೆ ಸಾಗಿ, ಕೊನೆಗೆ ತಲಾ 600 ಮೆಗಾವಾಟಿನ ಎರಡು ಘಟಕಗಳು 2010 ಮತ್ತು 2012ರಲ್ಲಿ ನಡೆಯತೊಡಗಿದವು. ಎರಡೂ ಪೂರ್ಣಶಕ್ತಿಯಿಂದ ಒಂದು ಹಗಲು ಒಂದು ರಾತ್ರಿ ನಡೆದರೆ 2 ಕೋಟಿ 88 ಲಕ್ಷ ಯೂನಿಟ್ಟು. ಅದರ ಬಹುಭಾಗವು ಕರ್ನಾಟಕಕ್ಕೆ. ಕಲ್ಲಿದ್ದಲಾದರೋ ವಿದೇಶದಿಂದ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬಂದು ರೈಲನ್ನೇರಬೇಕು. ಡಾಲರಿನ ಬೆಲೆ ಏರಿದರೆ ಎಲ್ಲೂರಿನ ಯೂನಿಟ್ಟಿನ ಬೆಲೆಯೂ ಏರತಕ್ಕದ್ದೇ. ಸ್ಥಾವರದ ಹಾರುಬೂದಿಯಿಂದಲೂ ಉಪ್ಪಿನ ತುಂತುರಿನಿಂದಲೂ ಮಲ್ಲಿಗೆಯ ಬೆಳೆ ಕೆಟ್ಟಿತೆಂದು ಸುತ್ತಲಿನ ಕೃಷಿಕರು ದೂರಿದರು. ಅಟ್ಟೆಯ ಲೆಕ್ಕದಲ್ಲಿ ಮಾರುವ ಆ ಮಲ್ಲಿಗೆಯ ಬೆಲೆಯು ಯಾವ ಪಿಪಿಎಯಲ್ಲಿಯೂ ನಮೂದಾಗುವುದಿಲ್ಲ.

ಸಾಲವು ಹೆಚ್ಚಿ, 2014ರಲ್ಲಿ ಲ್ಯಾಂಕೋ ಈ ಸ್ಥಾವರವನ್ನು ಸುಮಾರು 6000 ಕೋಟಿ ರೂಪಾಯಿಯ ವ್ಯವಹಾರದಲ್ಲಿ ಅದಾನಿಯವರಿಗೆ ಮಾರಲು ಒಪ್ಪಿತು. ಅಷ್ಟರಿಂದಲೂ ಸಾಲ ತೀರಲಿಲ್ಲ. ಆಸ್ಟ್ರೇಲಿಯದಲ್ಲಿ ಕಲ್ಲಿದ್ದಲಿನ ಗಣಿ, ಛತ್ತೀಸಗಢದಲ್ಲಿ ಸ್ಥಾವರ, ಮಣಿಕೊಂಡದಲ್ಲಿ ನೂರಕ್ಕೂ ಮಿಕ್ಕ ಅಂತಸ್ತಿನ ಗೋಪುರದ ಕನಸು, ಹೀಗೆ ಎಲ್ಲ ಕಡೆ ಒಮ್ಮೆಲೇ ಕೈಚಾಚಿದ್ದ ಸಂಸ್ಥೆಯು, ರಿಸರ್ವ್ ಬ್ಯಾಂಕು 2017ರಲ್ಲಿ ದಿವಾಳಿ ಪ್ರಕ್ರಿಯೆಗೆಂದು ಹೆಸರಿಸಿದ 12 ದೊಡ್ಡ ಸಾಲಗಾರರಲ್ಲಿ ಒಂದಾಯಿತು. ಸಾಲಕೊಟ್ಟವರು ಒಪ್ಪುವಂತಹ ಕೊಳ್ಳುವವರು ಒದಗದೆ 2018ರ ಆಗಸ್ಟಿನಲ್ಲಿ ಅದರ ವಿಸರ್ಜನೆಗೆ ನ್ಯಾಯಮಂಡಳಿಯ ಆಜ್ಞೆಯಾಯಿತು. ಆ ಮಹಾಗೋಪುರವು ಏಳಲೇ ಇಲ್ಲ. ಅದು ನಿಲ್ಲಬೇಕಾಗಿದ್ದ ನೆಲವಾದರೂ ಅಲ್ಲಿನ ದರ್ಗಾವೊಂದರ ವಕ್ಫಿನದೋ ಸರ್ಕಾರದ್ದೋ ಎಂಬ ದೀರ್ಘ ವ್ಯಾಜ್ಯವು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸರ್ಕಾರದ ಪರವಾಗಿ ಮುಗಿಯಿತು.

ಖಾಸಗಿಯವರು ಬಂದುದೇ ಕೇಡಾಯಿತೆಂದು ನಾನು ಹೇಳಲಾರೆ. ತೋರಣಗಲ್ಲಿನಲ್ಲಿ ಜಿಂದಾಲರ 260 ಮೆಗಾವಾಟಿನ ಸ್ಥಾವರವು ನಾಡಿಗೆ ಲೋಡ್ ಶೆಡ್ಡಿಂಗಿನ ದಿನಗಳಲ್ಲಿ ಒದಗಿತು. ಮಂಗಳೂರಿನ ತಣ್ಣೀರುಬಾವಿಯಲ್ಲಿ ಜಿಎಂಆರ್ ಸಂಸ್ಥೆಯು ದೋಣಿಯ ಮೇಲೆಯೇ ನಿಲ್ಲಿಸಿದ 220 ಮೆಗಾವಾಟಿನ ಸ್ಥಾವರವೂ ಒದಗಿತು, ನಾಫ್ತಾ ಎಂಬ ಇಂಧನದ ದುಬಾರಿ ಬೆಲೆಯೊಡನೆ. ಅದರ ಏಳು ವರ್ಷದ ಕರಾರು ಮುಗಿದ ಮೇಲೆ ಆ ದೋಣಿಯನ್ನು 2010ರಲ್ಲಿ ಕಾಕಿನಾಡಕ್ಕೆ ಎಳೆದೊಯ್ದರು! ನಾವು ಮರೆತಿರುವ ಮಾತೆಂದರೆ ಇಂಧನ, ಡಾಲರು, ಬೇಡಿಕೆ ಎಂಬ ಮೂರು ಅಪಾಯಗಳು ಸ್ಥಾವರವನ್ನು ಯಾರು ಕಟ್ಟಿದರೂ ಮಾಯವಾಗುವುದಿಲ್ಲ. ಅವು ಯಾರ ಬೆನ್ನಿನ ಮೇಲೆ ಕೂರಬೇಕೆಂಬುದನ್ನು ಒಪ್ಪಂದದ ಕಾಗದವು ನಿರ್ಣಯಿಸುತ್ತದೆ. ಎಲ್ಲೂರಿನಲ್ಲಿ ಇಂಧನದ ಅಪಾಯವು ಬಳಕೆದಾರನ ಬೆನ್ನೇರಿತು, ಕೊಂಡಪಲ್ಲಿಯಲ್ಲಿ ಬ್ಯಾಂಕುಗಳ ಬೆನ್ನೇರಿತು. ಬ್ಯಾಂಕಿನ ಹಣವೂ ಠೇವಣಿ ಇಟ್ಟವರದೇ. ಆಂಧ್ರದ ಗಡಿಗೆ ತಾಗಿದ ಪಾವಗಡದಲ್ಲಿ, ರೈತರ ಭೂಮಿಯನ್ನು ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗೇಣಿಗೆ ಹಿಡಿದು ಬೆಳೆಸಿದ 2050 ಮೆಗಾವಾಟಿನ ಸೌರವನದಲ್ಲಿ ಇಂಧನದ ಭೀತಿಯಿಲ್ಲ. ಆದರೆ ಸೂರ್ಯನು ಮುಳುಗಿದ ಮೇಲೆ ದೀಪ ಹಚ್ಚಲು ಮತ್ತೆ ಬೇರೊಬ್ಬರ ಬಾಗಿಲಿಗೇ ಹೋಗಬೇಕು.

ಮಿತ್ರರ ತಾಯಿಗೆ ಉತ್ತರವನ್ನು ನಾನು ಆ ಸಂಜೆ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಉತ್ಪಾದಕರೊಡನೆ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ಮಾಡಿಕೊಳ್ಳುವ ಒಪ್ಪಂದಗಳಿಗೆ ಒಪ್ಪಿಗೆ ಕೊಡುವುದೂ ನಾವು ತೆರುವ ದರವನ್ನು ನಿಗದಿಮಾಡುವುದೂ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರವನ್ನು ಪರಿಷ್ಕರಿಸುವ ಮುನ್ನ ಅದು ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಬಿಲ್ಲು ಕಟ್ಟುವ ಯಾರಾದರೂ ಆಕ್ಷೇಪಣೆಯನ್ನು ಬರೆದುಕೊಟ್ಟು ಅಲ್ಲಿ ಎದ್ದು ನಿಂತು ಮಾತನಾಡಬಹುದು. ಮುಂದಿನ ವಿಚಾರಣೆಯ ಪ್ರಕಟಣೆಯು ಪತ್ರಿಕೆಯಲ್ಲಿ ಬಂದಾಗ, ದಯವಿಟ್ಟು ಅದರ ಮೇಲೆ ಮಂಡಕ್ಕಿ ಹರಡುವ ಮುನ್ನ, ತಾರೀಖನ್ನು ಗುರುತುಹಾಕಿಕೊಳ್ಳಿ.